ಗುಡಿ ಕಡೆ ನಾಲ್ಕು, ದರ್ಗಾ ಕಡೆ ನಾಲ್ಕು

"ಕೊಡಲೇ! ಖೋ ಕೊಡಲೇ ನಿಶಾ!"

ಸಬೀನಾ ಕೂತಲ್ಲಿಂದಲೇ ಕಿರುಚಿದಳು. ನಿಶಾತಳ ಮುಂದೆ ಎರಡೇ ಮಾರು ದೂರದಲ್ಲಿ ಪಾರಮ್ಮ ಓಡುತ್ತಿದ್ದಳು. ಪಾರಮ್ಮ ಹೈಸ್ಕೂಲಿನ ಹುಡುಗಿ. ಏಳನೇ ತರಗತಿಯವರಿಗೆ ಪ್ರಾಕ್ಟೀಸ್ ಮಾಡಿಸಲು ದಿನಾ ಸಂಜೆ ಬರುತ್ತಿದ್ದಳು, ದಿನಾ ಎಲ್ಲರಿಗೂ ನೀರು ಕುಡಿಸಿ ಹೋಗುತ್ತಿದ್ದಳು. ಈ ತಿಂಗಳು ಅವಳು ಒಮ್ಮೆಯೂ ಔಟ್ ಆಗಿರಲಿಲ್ಲ.

ಈಗಲೂ ಅಷ್ಟೇ. ಸಿಕ್ಕೇಬಿಟ್ಟಳು ಅನ್ನುವಷ್ಟರಲ್ಲಿ ಸಟ್ಟನೆ ತಿರುಗಿ, ಕೂತವರ ಸಂದಿಯಲ್ಲಿ ನುಸುಳಿ ಆ ಕಡೆ ಹೋದಳು.

ಖೋ ಖೋದಲ್ಲಿ ತಪ್ಪಿಸಿಕೊಳ್ಳುವವರು ಸಾಲು ದಾಟಬಹುದು. ಹಿಡಿಯುವವರು ದಾಟುವಂತಿಲ್ಲ. ತನಗೆ ಬೆನ್ನು ಮಾಡಿ ಕೂತವಳ ಬೆನ್ನು ಮುಟ್ಟಿ 'ಖೋ' ಅನ್ನಬೇಕು. ಅವಳು ಎದ್ದು ತನ್ನ ಮುಂದಿನ ಕಡೆಗೆ ಓಡುತ್ತಾಳೆ. ಖೋ ಕೊಟ್ಟವಳು ಅವಳ ಜಾಗದಲ್ಲಿ ಕೂರುತ್ತಾಳೆ.

ನಿಶಾತಳ ಕೈಯಳತೆಯಲ್ಲೇ ಒಂದು ಬೆನ್ನಿತ್ತು. ಮಡಚಿ ಕಟ್ಟಿದ ಎರಡು ಜಡೆ, ಕೆಂಪು ರಿಬ್ಬನ್. ಅಮೃತಾಳ ಬೆನ್ನು.

ನಿಶಾತ ಮುಟ್ಟಲಿಲ್ಲ. ಅಲ್ಲಿಂದ ಸಾಲಿನ ತುದಿಯ ಕಂಬದವರೆಗೆ ಓಡಿ, ಕಂಬ ಸುತ್ತಿ, ಏದುಸಿರು ಬಿಡುತ್ತಾ ಆ ಕಡೆ ಬಂದಳು. ಅಷ್ಟರಲ್ಲಿ ಪಾರಮ್ಮ ಮತ್ತೊಂದು ತುದಿಯಲ್ಲಿ ನಿಂತು ಆರಾಮಾಗಿ ಉಗುರು ಕಡಿಯುತ್ತಿದ್ದಳು.

ಸೀಟಿ ಕೂಗಿತು. ಆಟ ಕಲಿಸುವ ರೇಣುಕಾದೇವಿ ಅಕ್ಕೋರು ಸೊಂಟದ ಮೇಲೆ ಕೈ ಇಟ್ಟುಕೊಂಡು ಬಂದರು.

"ನಿಶಾತ, ಅಷ್ಟು ದೊಡ್ಡ ಬೆನ್ನು ಕಾಣಲಿಲ್ಲೇನವಾ?"

"ಕಾಣ್ತುರಿ ಅಕ್ಕೋರ."

"ಮತ್ತ?"

"ಕಂಬ ಸುತ್ತಿದ್ರ ಸಿಗತಾಳ ಅನ್ಕೊಂಡ್ನಿರಿ."

"ಎಕ್ಸ್‌ಪ್ರೆಸ್ ಬಸ್ರೀ ಅಕ್ಕೋರ ಇದು," ಎಂದಳು ಮಾರೆವ್ವ. ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವಳು, ಎಲ್ಲರಿಗಿಂತ ಜೋರಾಗಿ ಮಾತಾಡುವವಳು ಅವಳೇ. "ಸಣ್ಣ ಊರಾಗ ಸ್ಟಾಪ್ ಇಲ್ಲ."

ಎಲ್ಲರೂ ನಕ್ಕರು. ಅಮೃತಾ ನಗಲಿಲ್ಲ. ಮೊಣಕಾಲಿನ ಮಣ್ಣು ಒರೆಸಿಕೊಂಡಳು, ಅಷ್ಟೇ.

"ಶನಿವಾರ ಬೇವೂರಾಗ ಹೋಬಳಿ ಮ್ಯಾಚ್ ಐತಿ," ಎಂದರು ಅಕ್ಕೋರು. "ಅಲ್ಲಿ ಹಿಂಗ ಕಂಬ ಸುತ್ತಿದ್ರ, ಇವ್ರು ಆಡಾಕ ಬಂದಿಲ್ಲ, ಪ್ರದಕ್ಷಿಣಿ ಹಾಕಾಕ ಬಂದಾರ ಅಂತಾರ. ನಡೀರಿ ಮನಿಗೆ."

*

ನಾಲ್ಕು ತಿಂಗಳ ಹಿಂದೆ ನಿಶಾತ, ಅಮೃತಾ ಒಂದೇ ಬೆಂಚು, ಒಂದೇ ಡಬ್ಬಿ. ತುಗ್ಗಲಹಾಳದಲ್ಲಿ ಒಬ್ಬಳು ಕಂಡರೆ ಇನ್ನೊಬ್ಬಳು ಎಲ್ಲಿ ಎಂದು ಜನ ಕೇಳುತ್ತಿದ್ದರು.

ಆಮೇಲೆ ಊರಲ್ಲಿ ಗಲಾಟೆ ಆಯಿತು. ಗುಡಿ ಓಣಿ ಮತ್ತು ದರ್ಗಾ ಓಣಿ ಕೂಡುವಲ್ಲಿ ಒಂದು ಲೈಟಿನ ಕಂಬವಿದೆ. ಆ ಕಂಬಕ್ಕೆ ಯಾರ ಬಾವುಟದ ಸರ ಮೇಲೆ ಕಟ್ಟಬೇಕು, ಯಾರದು ಕೆಳಗೆ ಎಂಬ ಮಾತಿಗೆ ಶುರುವಾದದ್ದು. ಆ ಕಂಬದಲ್ಲಿ ಎರಡು ವರ್ಷದಿಂದ ಬಲ್ಬೇ ಇರಲಿಲ್ಲ. ಅದನ್ನು ಮಾತ್ರ ಯಾರೂ ಜಗಳ ಮಾಡಿ ಕೇಳಿರಲಿಲ್ಲ.

ನಿಶಾತಳ ಅಬ್ಬಾ ಮುನವ್ವರನದು ಗಾದಿ ಅಂಗಡಿ. ಅಂದು ಯಾರೋ ಅಂಗಡಿಯ ಗಾದಿಗಳನ್ನು ಬೀದಿಗೆ ಎಳೆದು ಸೀಳಿದರು, ಒಳಗೆ ಬೆಂಕಿ ಇಟ್ಟರು. ಹತ್ತಿ ಹಿಂಜುವ ಮಷಿನ್ ಸುಟ್ಟುಹೋಯಿತು. ಹತ್ತಿ ಊರ ತುಂಬ ಹಾರಿತು. ವಾರಗಟ್ಟಲೆ ಬೇವಿನ ಮರಗಳಲ್ಲಿ, ಚರಂಡಿಯಲ್ಲಿ, ಎಮ್ಮೆಯ ಕೋಡಿನಲ್ಲಿ ಹತ್ತಿಯೇ ಹತ್ತಿ.

ಅದೇ ದಿನ ಅಮೃತಾಳ ಅಣ್ಣ ರುದ್ರೇಶನ ತಲೆಗೆ ಕಲ್ಲು ಬಿತ್ತು. ಆರು ಹೊಲಿಗೆ ಹಾಕಿದರು. ಪೊಲೀಸರು ಎರಡೂ ಓಣಿಯ ಹುಡುಗರನ್ನು ಕರೆದುಕೊಂಡು ಹೋಗಿ, ಹನ್ನೊಂದು ದಿನದ ಮೇಲೆ ಬಿಟ್ಟರು.

ಶಾಂತಿ ಸಭೆಯೂ ಆಯಿತು. ತಾಲೂಕಿನಿಂದ ಸಾಹೇಬರು ಬಂದರು. ಎರಡೂ ಓಣಿಯ ಹಿರಿಯರು ಕೈ ಕೈ ಹಿಡಿದು ನಿಂತು ಫೋಟೋ ತೆಗೆಸಿಕೊಂಡರು. ಫೋಟೋ ತೆಗೆದಾದ ಮೇಲೆ ಕೈ ಬಿಟ್ಟರು.

ಮಕ್ಕಳಿಗೆ ಯಾರೂ ಸಭೆ ಮಾಡಲಿಲ್ಲ. ಶಾಲೆ ತೆರೆದ ದಿನ ಆ ಓಣಿಯವರು ಕಿಟಕಿ ಕಡೆ, ಈ ಓಣಿಯವರು ಬಾಗಿಲ ಕಡೆ ಕೂತರು. ಹೀಗೆ ಕೂರಿರಿ ಎಂದು ಯಾರೂ ಹೇಳಿರಲಿಲ್ಲ. ಹೇಳದೆಯೇ ಎಲ್ಲರಿಗೂ ತಿಳಿದಿತ್ತು.

ನಿಶಾತ ಮನಸ್ಸಿನಲ್ಲೇ ಒಂದು ಪಣ ತೊಟ್ಟಿದ್ದಳು. 'ನಿಮ್ಮ ಅಂಗಡಿ ಏನಾತು ಅಂತ ಆಕಿ ಒಂದು ಮಾತು ಕೇಳಲಿ. ಅಲ್ಲಿತನಾ ನಾ ಮಾತಾಡಂಗಿಲ್ಲ.'

ಅಮೃತಾ ಕೇಳಲಿಲ್ಲ. ನಾಲ್ಕು ತಿಂಗಳಾದರೂ ಕೇಳಲಿಲ್ಲ.

*

ನಿಶಾತ ಮನೆಗೆ ಬಂದಾಗ ಅಬ್ಬಾ ಅಂಗಳದಲ್ಲಿ ಕೋಲಿನಿಂದ ಹತ್ತಿ ಬಡಿಯುತ್ತಿದ್ದ. ಮಷಿನ್ ಹೋದ ಮೇಲೆ ಕೋಲೇ ಗತಿ. ಮೀಸೆ, ಹುಬ್ಬು ಎಲ್ಲ ಬೆಳ್ಳಗಾಗಿದ್ದವು.

"ನೋಡ್ ಬೇಟಿ, ನಿಮ್ಮ ದಾದಾಗಿಂತ ನಾನ ಮುದುಕ ಆಗೀನಿ," ಎಂದು ನಕ್ಕ.

ಅಬ್ಬಾನ ತಂದೆ, ದಾದಾ ಮರ್ದಾನಸಾಬ, ನಗುವ ಹುರುಪಿನಲ್ಲಿರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದ, "ನಾಳೆ ನಾನೂ ದೊಡ್ಡಬಸಪ್ಪನೂ ಸಾಲಿಗೆ ಹೊಂಟೀವಿ. ಆ ಹುಡುಗ್ಯಾರ ಆಟ ಬಂದ್ ಮಾಡಸ್ತೀವಿ."

ದೊಡ್ಡಬಸಪ್ಪ ಅಮೃತಾಳ ಅಜ್ಜ. ಶಾಲೆಯ ಕಮಿಟಿಗೆ ಅವನು ಅಧ್ಯಕ್ಷ, ದಾದಾ ಮೆಂಬರ್.

"ನೀವಿಬ್ರೂ ಮತ್ತ ಮಾತಾಡಾಕ ಹತ್ತೀರೇನು?" ಅಬ್ಬಾ ಕೋಲು ನಿಲ್ಲಿಸಿ ಕೇಳಿದ.

"ಯಾರ್ ಮಾತಾಡ್ತಾರ ಅವನ ಜೋಡಿ? ಹೆಡ್‌ಮಾಸ್ತರ ಕೈಲೆ ಹೇಳಿ ಕಳಿಸ್ಯಾನ. ನಾನೂ ಹೆಡ್‌ಮಾಸ್ತರ ಕೈಲೆ ಹೂಂ ಅಂದೀನಿ."

"ಆಡ್ಲಿ ಬಿಡ್ರಿ ಮಾವಾರ," ಎಂದಳು ಒಳಗಿನಿಂದ ಅಮ್ಮಿ ಹಸೀನಾಬೇಗಂ. "ಕೂಸುಗಳು ಆಡಿದ್ರ ಏನಾಕ್ಕೈತಿ?"

"ಏನಾಕ್ಕೈತಿ? ಕಂಬಕ್ಕ ಹಾಳಿ ಕಟ್ಟಿದ್ದಕ್ಕ ಏನಾತು ಗೊತ್ತಿಲ್ಲೇನು? ಇವು ಒಬ್ಬರಿಗೊಬ್ಬರು ಬೆನ್ನಿಗೆ ಹೊಡಕೋತ ಆಡತಾವ. ಯಾರರೆ ಒಬ್ಬಾಕಿ ಬಿದ್ದು ಅತ್ಕೋತ ಮನಿಗೆ ಬಂದ್ರ? ಯಾಂವ ಅಂದು ಎಲ್ಲಿದ್ದ, ಏನು ಮಾಡಿದ ಅಂತ ಇನ್ನೂ..."

ಮೂಲೆಯಲ್ಲಿ ಉಣ್ಣುತ್ತಿದ್ದ ಜಾಕೀರ ಚಾಚಾ ತಾಟು ಬಿಟ್ಟು ಎದ್ದ. ಹನ್ನೊಂದು ದಿನ ಪೊಲೀಸರ ಹತ್ತಿರ ಇದ್ದು ಬಂದವರಲ್ಲಿ ಅವನೂ ಒಬ್ಬ. ಅಂದಿನ ಮಾತು ಬಂದರೆ ಅವನು ಹೀಗೇ ಎದ್ದು ಹೋಗುತ್ತಿದ್ದ.

ದಾದಾ ಮಾತು ಅಲ್ಲಿಗೇ ನಿಲ್ಲಿಸಿದ. ಅಮ್ಮಿ ಅರ್ಧ ರೊಟ್ಟಿ ಇದ್ದ ತಾಟನ್ನು ಮುಚ್ಚಿಟ್ಟಳು.

ನಿಶಾತಳಿಗೆ ಅಂದು ನಿದ್ದೆ ಬೇಗ ಹತ್ತಲಿಲ್ಲ. ಅಮೃತಾಳ ಜೊತೆ ಮಾತು ಬೇಡ, ಸರಿ. ಆದರೆ ಆಟವೇ ಇಲ್ಲದೆ ಹೋದರೆ? ಬೇವೂರಿಗೆ ಹೋಗದಿದ್ದರೆ? ಐದನೇ ತರಗತಿಯಿಂದ ಈ ತಂಡ ಸೇರಲು ಅವಳು ಓಡಿದ್ದೆಷ್ಟು!

*

ಮರುದಿನ ಸಂಜೆ ಶಾಲೆಯ ಬಯಲಲ್ಲಿ ಎರಡು ಕುರ್ಚಿ ಹಾಕಿದ್ದರು. ನಡುವೆ ಎಮ್ಮೆ ಕಟ್ಟುವಷ್ಟು ಜಾಗ. ಒಂದರಲ್ಲಿ ದೊಡ್ಡಬಸಪ್ಪಜ್ಜ, ಇನ್ನೊಂದರಲ್ಲಿ ಮರ್ದಾನಸಾಬ ದಾದಾ.

ಹಿರಿಯರು ಬಂದಿದ್ದಾರೆ ಎಂದ ಮೇಲೆ ಊರು ಸುಮ್ಮನಿರುತ್ತದೆಯೇ? ಬಯಲಿನ ಒಂದು ಬದಿಗೆ ಗುಡಿ, ಇನ್ನೊಂದು ಬದಿಗೆ ದರ್ಗಾ. ಗುಡಿ ಓಣಿಯವರು ಗುಡಿಯ ಕಡೆ ನಿಂತರು. ದರ್ಗಾ ಓಣಿಯವರು ದರ್ಗಾ ಕಡೆ ನಿಂತರು.

"ನೋಡ್ರಿ ಅಕ್ಕೋರ," ದೊಡ್ಡಬಸಪ್ಪಜ್ಜ ಶುರು ಮಾಡಿದ, "ನಮ್ಮ ಹುಡುಗ್ಯಾರು ಅವ್ರ ಹುಡುಗ್ಯಾರು ಒಂದರಾಗ ಬೆರತು ಆಡೂದು ಬ್ಯಾಡ. ನಾಳಿ ಹೆಚ್ಚುಕಡಿಮಿ ಆದ್ರ ಜವಾಬ್ದಾರಿ ಯಾರು?"

ದಾದಾ ಅವನ ಕಡೆ ನೋಡದೆ ಅಕ್ಕೋರಿಗೇ ಹೇಳಿದ, "ಅಧ್ಯಕ್ಷರಿಗೆ ಹೇಳ್ರಿ, ನಮ್ದೂ ಅದ ಮಾತು."

"ಆದ್ರ ಶನಿವಾರ ಮ್ಯಾಚ್ ಐತ್ರಿ," ಎಂದರು ಅಕ್ಕೋರು. "ಹೆಸರು ಕೊಟ್ಟಾಗೈತಿ. ಬ್ಯಾರೆ ಬ್ಯಾರೆ ಆಡಿಸಬೇಕಂದ್ರ ಒಂದೊಂದು ಕಡಿ ಒಂಬತ್ತು ಮಂದಿ ಬೇಕು. ನಮ್ಮಲ್ಲಿ ಒಟ್ಟು ಒಂಬತ್ತ ಮಂದಿ ಅದಾರ."

"ಬ್ಯಾರೆ ಸಾಲಿನ್ಯಾಗರೆ ಕುಂದ್ರಸ್ರಿ."

"ಖೋ ಖೋದಾಗ ಸಾಲು ಒಂದಽ ರೀ ಅಜ್ಜಾರ. ಎರಡು ಸಾಲು ಮಾಡಿದ್ರ ಅದು ಮದುವಿ ಪಂಕ್ತಿ ಆಕ್ಕೈತಿ."

ದೊಡ್ಡಬಸಪ್ಪಜ್ಜ ಗಡ್ಡ ಕೆರೆದುಕೊಂಡ. ಹರೆಯದಲ್ಲಿ ಅವನು ಗರಡಿಮನೆಯ ಪೈಲ್ವಾನ. ದಾದಾ ಆಡಿದ್ದು ಕಟ್ಟೆಯ ಮೇಲೆ ಕೂತು ಹುಲಿಕಟ್ಟು ಮಾತ್ರ. ಖೋ ಖೋ ಹೆಣ್ಣುಹುಡುಗಿಯರ ಆಟ ಎಂದು ಇಬ್ಬರೂ ಅದನ್ನು ಜನ್ಮದಲ್ಲಿ ನೋಡಿರಲಿಲ್ಲ.

"ಕುಂತವರ ಮುಖ ಯಾ ಕಡಿ ಇರತೈತಿ?" ಎಂದು ದೊಡ್ಡಬಸಪ್ಪಜ್ಜ ಕೇಳಿದ.

"ಒಬ್ಬಾಕಿದು ಈ ಕಡಿ, ಮಗ್ಗಲದಾಕಿದು ಆ ಕಡಿ."

ಅಜ್ಜನ ಕಣ್ಣು ಮಿಂಚಿದವು. ತೊಡೆ ತಟ್ಟಿದ.

"ಹಂಗಂದ್ರ ಮುಗೀತಲ್ಲ! ನಮ್ಮವು ನಾಲ್ಕು ಗುಡಿ ಕಡಿ ಮುಖ ಮಾಡಿ ಕುಂದ್ರಲಿ. ಅವ್ರವು ನಾಲ್ಕು ದರ್ಗಾ ಕಡಿ ಮುಖ ಮಾಡಿ ಕುಂದ್ರಲಿ. ಯಾರ ಮುಖ ಯಾರೂ ನೋಡೂದು ಬ್ಯಾಡ. ಅವ್ರ ಕಡಿ ಇವ್ರು, ಇವ್ರ ಕಡಿ ಅವ್ರು ತಿರುಗೂದು ಬ್ಯಾಡ."

ದಾದಾ ಯೋಚಿಸಿದ. ತಲೆ ಆಡಿಸಿದ. "ಅಕಲ್ ಇದ್ದ ಮಾತು. ಅಧ್ಯಕ್ಷರಿಗೆ ಹೇಳ್ರಿ."

ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಊರಿನ ಎರಡೂ ಕಡೆಯವರು ಒಂದು ಮಾತಿಗೆ ಹೂಂ ಅಂದರು.

ಅಕ್ಕೋರು ಏನೋ ಹೇಳಲು ಬಾಯಿ ತೆರೆದರು. ಮುಚ್ಚಿದರು. ಸೀಟಿಯನ್ನು ಬಾಯಿಗೆ ಇಟ್ಟುಕೊಂಡು ಅತ್ತ ತಿರುಗಿದರು. ಅವರ ಹೆಗಲು ಸಣ್ಣಗೆ ಕುಲುಕುತ್ತಿತ್ತು.

ಆಮೇಲೆ ಗಂಭೀರವಾಗಿ ಹೇಳಿದರು, "ಹಂಗ ಆಗ್ಲಿರಿ."

ಹುಡುಗಿಯರಿಗೆ ತಡೆಯಲಾಗಲಿಲ್ಲ. ಸಬೀನಾ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡಳು. ನಿಶಾತ ಅತ್ತಿತ್ತ ನೋಡುವಾಗ ಗಪ್ಪನೆ ಅಮೃತಾಳ ಕಣ್ಣಿಗೆ ಕಣ್ಣು ಕೂಡಿತು. ಅಮೃತಾಳ ಕೆನ್ನೆಯೂ ನಗು ತಡೆದು ಉಬ್ಬಿತ್ತು. ಇಬ್ಬರೂ ತಕ್ಷಣ ನೆಲ ನೋಡಿದರು.

ಆಗ ಮಾರೆವ್ವ ಕೈ ಎತ್ತಿದಳು.

"ಅಜ್ಜಾರ, ನಾ ಯಾ ಕಡಿ ಮುಖ ಮಾಡ್ಲಿರಿ?"

ಮಾರೆವ್ವಳ ಮನೆ ಎರಡೂ ಓಣಿ ದಾಟಿ, ಊರ ಹೊರಗಿನ ಕೇರಿಯಲ್ಲಿ. ಅವಳ ಲೆಕ್ಕ ಯಾರ ತಲೆಗೂ ಬಂದಿರಲಿಲ್ಲ.

"ನೀನು... ನಮ್ಮ ಕಡಿನ ಅಲ್ಲೇನವಾ?" ಎಂದ ದೊಡ್ಡಬಸಪ್ಪಜ್ಜ.

"ಹೌದೇನ್ರೀ! ಭಾಳ ಛಲೋ ಆತು, ನಮ್ಮವ್ವಗ ಹೇಳ್ತೀನಿ. ಹೋದ ಸೋಮವಾರ ಗುಡಿ ಕಟ್ಟಿ ಮ್ಯಾಲೆ ಕುಂತಿದ್ಲು ಅಂತ ಎಬ್ಬಿಸಿ ಕಳಿಸಿದ್ರಲ್ರಿ. ಪಾಪ, ನಾವು ನಿಮ್ಮ ಕಡಿಯವ್ರು ಅಂತ ಆಕಿಗೂ ಗೊತ್ತಿಲ್ಲ, ಎಬ್ಬಿಸಿದವ್ರಿಗೂ ಗೊತ್ತಿಲ್ಲ."

ದಾದಾ ಮೀಸೆಯಲ್ಲೇ ನಕ್ಕ. ಮಾರೆವ್ವ ಅತ್ತ ತಿರುಗಿದಳು.

"ನೀವ್ಯಾಕ ನಗತೀರಿ ದಾದಾ? ನಿಮ್ಮ ಕಡಿ ಮದುವ್ಯಾಗ ನಮ್ಮನ್ನ ಕಡೀಕ ಉಣ್ಣಾಕ ಕರಿತೀರಿ."

ದಾದಾನ ನಗು ನಿಂತಿತು.

"ಹೋಗ್ಲಿ ಬಿಡ್ರಿ. ನಾ ಕುಂದ್ರಂಗಿಲ್ಲ. ನಿಂತು ಓಡಾಕಿ ಒಬ್ಬಾಕಿ ಬೇಕಲ್ಲ, ಅದು ನಾನ." ಹಾಗೆಂದು ಮಾರೆವ್ವ ಕಂಬದ ಹತ್ತಿರ ಹೋಗಿ ನಿಂತಳು.

*

ಎಂಟು ಮಂದಿ ಕೂತರು. ಅಮೃತಾ ಮತ್ತು ಮೂವರು ಗುಡಿಯ ಕಡೆ ಮುಖ ಮಾಡಿದರು. ನಿಶಾತ, ಸಬೀನಾ ಮತ್ತು ಇಬ್ಬರು ದರ್ಗಾ ಕಡೆ ಮುಖ ಮಾಡಿದರು. ಹಿರಿಯರಿಬ್ಬರೂ ಸಾಲನ್ನು ನೋಡಿ, ಹೊಲದ ಬದು ಸರಿಯಾಗಿದೆಯೋ ಎಂದು ನೋಡುವವರಂತೆ ತಲೆದೂಗಿದರು.

ಸೀಟಿ ಕೂಗಿತು. ಪಾರಮ್ಮ ಓಡಿದಳು.

ಮಾರೆವ್ವ ಗುಡಿಯ ಕಡೆಯಿಂದ ಬೆನ್ನಟ್ಟಿದಳು. ಪಾರಮ್ಮ ಸಾಲು ದಾಟಿದಳು. ಮಾರೆವ್ವಳಿಗೆ ಬೆನ್ನು ಮಾಡಿ ಕೂತವರು ಯಾರು? ದರ್ಗಾ ಕಡೆ ನೋಡುವವರು. "ಖೋ!" ಸಬೀನಾ ಎದ್ದು ದರ್ಗಾ ಕಡೆ ಓಡಿದಳು.

ಈಗ ಸಬೀನಾಳಿಗೆ ಬೆನ್ನು ಮಾಡಿ ಕೂತವರು ಯಾರು? ಗುಡಿಯ ಕಡೆ ನೋಡುವವರು! "ಖೋ!" ಅಮೃತಾಳ ಓಣಿಯ ಹುಡುಗಿ ಎದ್ದಳು. ಅವಳ ಜಾಗದಲ್ಲಿ ಸಬೀನಾ ಕೂತಳು, ಗುಡಿಯ ಕಡೆ ಮುಖ ಮಾಡಿ.

"ಏ, ಏ, ಏ!" ದೊಡ್ಡಬಸಪ್ಪಜ್ಜ ಕುರ್ಚಿಯಿಂದ ಅರ್ಧ ಎದ್ದ. "ಆ ಹುಡುಗಿ ನಮ್ಮ ಕಡಿ ತಿರುಗಿ ಕುಂತೈತಿ!"

"ರೂಲ್ಸ್ ರೀ ಅಜ್ಜಾರ," ಎಂದರು ಅಕ್ಕೋರು. "ಎದ್ದಾಕಿ ಮುಖ ಯಾ ಕಡಿ ಇತ್ತೋ, ಕುಂತಾಕಿ ಮುಖಾನೂ ಅದ ಕಡಿ."

"ಮತ್ತ ನಮ್ಮಾಕಿ?"

"ಆಕಿ ಈಗ ಖೋ ಕೊಟ್ಟು ದರ್ಗಾ ಕಡಿ ತಿರುಗಿ ಕುಂದ್ರತಾಳ್ರಿ."

ಅವಳು ಕೊಟ್ಟ ಖೋ ನಿಶಾತಳಿಗೆ ಬಂತು.

ನಿಶಾತ ಚಿಮ್ಮಿ ಎದ್ದಳು. ಪಾರಮ್ಮ ಎರಡೇ ಹೆಜ್ಜೆ ಮುಂದೆ. ಕೈ ಚಾಚಿದಳು, ಸಿಗಲಿಲ್ಲ. ಪಾರಮ್ಮ ಬಾಗಿ ಸಾಲು ದಾಟಿದಳು. ದಾಟಿದ್ದು ಕೆಂಪು ರಿಬ್ಬನ್ನಿನ ಪಕ್ಕದಲ್ಲೇ.

ಮತ್ತೆ ಅದೇ ಬೆನ್ನು.

ಸಬೀನಾಳ ಬೆನ್ನು ದೂರದಲ್ಲಿತ್ತು. ಕಂಬ ಇನ್ನೂ ದೂರ. ದಾದಾ ನೋಡುತ್ತಿದ್ದ. ಊರೇ ನೋಡುತ್ತಿತ್ತು. ನಿಶಾತ ಬೆರಳ ತುದಿಯಿಂದ, ಕಾದ ಹಂಚು ಮುಟ್ಟಿದ ಹಾಗೆ ಮುಟ್ಟಿ, ಗಂಟಲಲ್ಲೇ 'ಖೋ' ಅಂದಳು.

ಸೀಟಿ ಕೂಗಿತು. "ಫೌಲ್! ಸದ್ದು ಬರಲಿಲ್ಲ. ಇನ್ನೊಮ್ಮಿ ಕೊಡು."

ಅರ್ಧ ಎದ್ದಿದ್ದ ಅಮೃತಾ ಮತ್ತೆ ಕೂತಳು. ಹಿಂತಿರುಗದೆ, ಗುಡಿಯ ಕಡೆ ನೋಡುತ್ತಲೇ ಅಂದಳು:

"ಬಾಯಾಗ ಕಡಬು ಇಟ್ಕೊಂಡೀಯೇನಲೇ?"

ನಾಲ್ಕು ತಿಂಗಳಲ್ಲಿ ಅವಳಾಡಿದ ಮೊದಲ ಮಾತು! ಅಂಗಡಿಯ ಮಾತಲ್ಲ, ಏನಲ್ಲ, ಕಡಬು! ನಿಶಾತಳಿಗೆ ಮೈಯೆಲ್ಲ ಉರಿಯಿತು. ಅದರ ಜೊತೆಗೇ, ಹಾಳಾದ್ದು, ನಗುವೂ ಬಂತು. ಅಂಗೈ ಅಗಲಿಸಿ ಆ ಬೆನ್ನಿಗೆ ಧಪ್ಪನೆ ಬಾರಿಸಿದಳು.

"ಖೋ!"

ಗುಡಿಯ ಕಟ್ಟೆಯ ಮೇಲಿದ್ದವರೂ ಬೆಚ್ಚಿಬಿದ್ದರು. ಅಮೃತಾ ಬಾಣದ ಹಾಗೆ ಹೋದಳು.

ನಿಶಾತ ಅವಳ ಜಾಗದಲ್ಲಿ ಕೂತಳು. ತಲೆ ಎತ್ತಿದಳು. ಎದುರಿಗೆ ಗುಡಿ ಓಣಿಯ ಜನ ಪೂರಾ ನಿಂತಿದ್ದರು. ನಾಲ್ಕು ತಿಂಗಳಿಂದ ಅವಳು ಕಣ್ಣೆತ್ತಿ ನೋಡದ ಮುಖಗಳು. ಹಬ್ಬಕ್ಕೊಮ್ಮೆ ಅವಳಿಗೂ ಅಂತ ಎರಡು ಉಂಡಿ ತೆಗೆದಿಡುತ್ತಿದ್ದ ಅಮೃತಾಳ ಅವ್ವ ಶೇಖರಮ್ಮ. ಅವಳ ಪಕ್ಕದಲ್ಲಿ ರುದ್ರೇಶ. ಈ ಸೆಖೆಯಲ್ಲೂ ತಲೆಗೆ ಟವೆಲ್ ಸುತ್ತಿಕೊಂಡಿದ್ದ.

ಅಲ್ಲಿ ಸಣ್ಣ ಹುಡುಗರು ರಬ್ಬರ್ ಚೆಂಡು ಎಸೆದಾಡುತ್ತಿದ್ದರು. ಒಂದು ಚೆಂಡು ಮೇಲೆ ಹಾರಿತು. ರುದ್ರೇಶ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ಕುಕ್ಕರಿಸಿಬಿಟ್ಟ. ಚೆಂಡು ಎಲ್ಲೋ ದೂರ ಬಿತ್ತು. ಅವನು ಮೆಲ್ಲನೆ ಎದ್ದು, ಯಾರೂ ನೋಡಲಿಲ್ಲವಲ್ಲ ಎಂದು ಸುತ್ತ ನೋಡಿ, ಟವೆಲ್ ಸರಿಮಾಡಿಕೊಂಡ.

ಈ ರುದ್ರೇಶ ಊರಿನ ಫಾಸ್ಟ್ ಬೌಲರ್ ಆಗಿದ್ದವನು.

ಆರು ಹೊಲಿಗೆ ಎಂದು ನಿಶಾತ ಎಷ್ಟೋ ಸಲ ಕೇಳಿದ್ದಳು. ಅಂಗಡಿ ಸುಟ್ಟದ್ದು ದೊಡ್ಡದೋ, ಆರು ಹೊಲಿಗೆ ದೊಡ್ಡದೋ ಎಂದು ತೂಗಿಯೂ ನೋಡಿದ್ದಳು. ಆರು ಹೊಲಿಗೆ ಎಂದರೆ ಹೀಗಿರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಹಿಂದೆ ದರ್ಗಾ ಕಡೆಯಿಂದ ಗದ್ದಲ ಎದ್ದಿತು. "ಏ ಅಮೃತಾ! ಕಂಬದ ಕಡಿಂದ ಬಾ! ಅಡ್ಡ ಹಾಕು ಆಕಿನ್ನ!" ಅದು ಅಬ್ಬಾನ ದನಿ! ನಿಶಾತ ಕತ್ತು ತಿರುಗಿಸಿ ನೋಡಿದಳು. ಅಮೃತಾ ಯಾವಾಗಲೋ ಖೋ ಕೊಟ್ಟು, ದರ್ಗಾ ಕಡೆ ಕೂತು, ಮತ್ತೆ ಖೋ ಸಿಕ್ಕಿ ಈಗ ಆ ಕಡೆ ಓಡುತ್ತಿದ್ದಳು. ಹತ್ತಿ ಮೆತ್ತಿದ ಮೀಸೆಯ ಅಬ್ಬಾ ಮುಂದೆ ನುಗ್ಗಿ ನಿಂತು ಅವಳಿಗೆ ದಾರಿ ಹೇಳುತ್ತಿದ್ದ.

ಧಪ್! ನಿಶಾತಳ ಬೆನ್ನಿಗೆ ಬಿತ್ತು.

"ಖೋ!"

ಬಡ್ಡಿ ಸಮೇತ ವಾಪಸ್ ಕೊಟ್ಟಿದ್ದಳು ಅಮೃತಾ. ನಿಶಾತ ಗುಡಿಯ ಕಡೆ ಹಾರಿದಳು. ಪಾರಮ್ಮ ಕಂಬದ ಕಡೆ ಓಡುತ್ತಿದ್ದಳು. ಮೊದಲ ಸಲ ಅವಳಿಗೂ ದಮ್ಮು ಹತ್ತಿತ್ತು.

"ಬಿಡಬ್ಯಾಡ ನಿಶಾ!" ಶೇಖರಮ್ಮ ಸೆರಗು ಸೊಂಟಕ್ಕೆ ಸಿಗಿಸಿ ಕೂಗಿದಳು.

"ಡೈವ್ ಹೊಡಿಯಲೇ! ಡೈವ್!" ಅದು ರುದ್ರೇಶ. ಟವೆಲ್ ಕೈಯಲ್ಲಿ ಹಿಡಿದು ಬೀಸುತ್ತಿದ್ದ.

ನಿಶಾತ ಒಂದು ಕೈಯಲ್ಲಿ ಕಂಬ ಹಿಡಿದು ಮೈ ಚೆಲ್ಲಿದಳು. ಇನ್ನೊಂದು ಕೈಯ ಬೆರಳಿಗೆ ಪಾರಮ್ಮನ ಹಿಮ್ಮಡಿ ತಗುಲಿತು.

"ಔಟ್!"

ಬಯಲೆಲ್ಲ ಒಂದೇ ಕೂಗು. ಅದು ಯಾವ ಕಡೆಯಿಂದ ಬಂತು ಎಂದು ಹೇಳಲು ಆಗುತ್ತಿರಲಿಲ್ಲ.

*

ದೊಡ್ಡಬಸಪ್ಪಜ್ಜ ಮಾತ್ರ ಬೆರಳು ಮಡಿಚಿ ಎಣಿಸುತ್ತಿದ್ದ. "ಗುಡಿ ಕಡಿ ನಮ್ಮವು ಎರಡು, ಅವ್ರವು ಎರಡು... ದರ್ಗಾ ಕಡಿ... ಏ, ಸಾಲು ಕಲಸಿ ಹೋಗೈತಿ! ಅಕ್ಕೋರ, ಮೊದಲಿನಂಗ ಕುಂದ್ರಸ್ರಿ."

ಕೂರಿಸಿದರು. ಸೀಟಿ ಕೂಗಿತು. ನಾಲ್ಕು ಖೋ ಆಗುವಷ್ಟರಲ್ಲಿ ಸಾಲು ಮತ್ತೆ ಕಲಸಿಹೋಯಿತು.

"ಮತ್ತೊಮ್ಮಿ!"

ಮತ್ತೊಮ್ಮೆ ಕೂರಿಸಿದರು. ಮತ್ತೊಮ್ಮೆ ಅದೇ ಕತೆ.

"ಮೊದಲ ಯಾಕ ಹೇಳಲಿಲ್ಲ ನೀವು?" ಅಜ್ಜ ಅಕ್ಕೋರ ಮೇಲೆ ರೇಗಿದ.

"ನೀವು ಕೇಳಲಿಲ್ಲಲ್ರಿ."

ಅಜ್ಜ ನಾಲ್ಕನೇ ಸಲ ಕೈ ಎತ್ತಿದಾಗ ದಾದಾ ಬೇಸರದಿಂದ ಅವನ ಕಡೆ ತಿರುಗಿದ. "ಬಿಡೋ ಬಸ್ಯಾ, ಸಾಕು. ನೀ ಕುಂದ್ರಸಾಂವ, ಅವು ಏಳಾವು. ಹೊತ್ತು ಮುಣಗತೈತಿ."

ಅಂದ ಮೇಲೆ, ತಾನು ನೇರವಾಗಿ ಮಾತಾಡಿದೆ ಎಂದು ಹೊಳೆದು, ಗಂಟಲು ಸರಿಮಾಡಿಕೊಂಡ. "ಅಂತ ಅಧ್ಯಕ್ಷರಿಗೆ ಹೇಳ್ರಿ ಅಕ್ಕೋರ."

ಅಧ್ಯಕ್ಷರು ಬಿಗುಮಾನದಿಂದ ನೆಟ್ಟಗೆ ಕೂತರು. ಆಮೇಲೆ ತೀರ್ಪು ಕೊಟ್ಟರು. "ಆಡ್ಲಿ. ಆದ್ರ ಬೇವೂರಿಗೆ ಹೋಗೂ ಮುಂದ ಟಂಟಂ ಗಾಡಿ ಬ್ಯಾರೆ ಬ್ಯಾರೆ. ಅವ್ರಿಗೊಂದು, ನಮಗೊಂದು."

"ಎರಡು ಟಂಟಂ!" ಮಾರೆವ್ವ ಕುಣಿದಳು. "ಹೋಗೂ ಮುಂದ ಒಂದರಾಗ, ಬರೂ ಮುಂದ ಒಂದರಾಗ. ಎರಡರಾಗೂ ಮುಂದಿನ ಸೀಟು ನಂದು!"

*

ಜನ ಮನೆಗೆ ಹೊರಟರು, ಮತ್ತೆ ಎರಡು ದಾರಿಯಲ್ಲಿ. ನಿಶಾತ ಶಾಲೆಯ ಹಿಂದಿನ ಕೈಪಂಪಿನ ಬೋರಿಂಗಿಗೆ ಬಂದಳು. ತರಚಿದ ಮೊಣಕೈ ಉರಿಯುತ್ತಿತ್ತು. ಹಿಡಿಕೆ ಜಗ್ಗಿ, ಓಡಿ ಬಂದು ಕೈ ಒಡ್ಡುವಷ್ಟರಲ್ಲಿ ನೀರು ನಿಂತುಬಿಡುತ್ತಿತ್ತು.

ಮೂರನೇ ಸಲ ನೀರು ನಿಲ್ಲಲಿಲ್ಲ. ತಿರುಗಿ ನೋಡಿದರೆ ಅಮೃತಾ ಹಿಡಿಕೆ ಜಗ್ಗುತ್ತಿದ್ದಳು.

ನಿಶಾತ ಮೊಣಕೈ ತೊಳೆದಳು. ಬೊಗಸೆಯಲ್ಲಿ ನೀರು ಕುಡಿದಳು.

"ನಿಮ್ಮಪ್ಪಾರು ಬರೇ ಕೋಲಿಲೆ ಬಡೀತಾರೇನು ಈಗ?" ಅಮೃತಾ ಹಿಡಿಕೆ ನೋಡುತ್ತಾ ಕೇಳಿದಳು. "ಮೀಸಿ ತುಂಬ ಹತ್ತಿ ಇತ್ತು."

"ಹೂಂ. ಮಷಿನ್ ಸುಟ್ಟೈತಿ."

"ಕೇಳಬೇಕಂತ ಭಾಳ ಸಲ ಬಂದಿದ್ದೆ. ಕೇಳಾಕ ಆಗ್ಲಿಲ್ಲ."

"ಯಾಕ?"

ಅಮೃತಾ ಕೈ ನಿಲ್ಲಿಸಿದಳು. ನೀರೂ ನಿಂತಿತು.

"ಆ ದಿನ ನಮ್ಮಣ್ಣಗ ಕಲ್ಲು ಬಿದ್ದಿದ್ದು ನಿಮ್ಮ ಅಂಗಡಿ ಮುಂದನ. ಅಲ್ಲಿಗ್ಯಾಕ ಹೋಗಿದ್ದ ಆಂವ? ನೋಡಾಕ ಹೋಗಿದ್ನೋ, ಅಥವಾ..." ಅವಳ ದನಿ ಸಣ್ಣದಾಯಿತು. "ನಾ ಕೇಳಿಲ್ಲ. ಏನರೆ ಹೇಳಿಬಿಟ್ರ ಅಂತ ಅಂಜಿಕಿ."

ನಿಶಾತ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿದಳು. ಒರೆಸಿದ ಮೇಲೂ ಒರೆಸುತ್ತಲೇ ಇದ್ದಳು. ಅರ್ಧ ರೊಟ್ಟಿ ಬಿಟ್ಟು ಏಳುವ ಜಾಕೀರ ಚಾಚಾ ಕಣ್ಣ ಮುಂದೆ ಬಂದ. ಆ ಕಲ್ಲು ಯಾರ ಕೈಯಿಂದ ಹೋಯಿತು ಎಂದು ತಾನು ಒಂದು ದಿನವಾದರೂ ಕೇಳಿದ್ದಳೇ?

"ನಮ್ಮ ಜಾಕೀರ ಚಾಚಾನೂ ಅವತ್ತು ಮನ್ಯಾಗ ಇರಲಿಲ್ಲ," ಎಂದಳು ಮೆಲ್ಲಗೆ. "ನಾನೂ ಕೇಳಿಲ್ಲ."

ಇಷ್ಟು ದಿನ ಅಮೃತಾ ತನ್ನ ಜೊತೆ ಮಾತು ಬಿಟ್ಟಿದ್ದಾಳೆ ಎಂದುಕೊಂಡಿದ್ದಳು ನಿಶಾತ. ಅವಳು ತನ್ನ ಅಣ್ಣನ ಜೊತೆಗೂ ಮಾತಾಡಲಾರದೆ ಕೂತಿದ್ದಳು. ಹಾಗೆ ಕೂರುವುದು ಎಂಥ ಕಷ್ಟ ಎಂದು ನಿಶಾತಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಈ ಕಡಿ ಬಾ," ಎಂದಳು. ಅಮೃತಾಳನ್ನು ಸರಿಸಿ ಹಿಡಿಕೆ ಹಿಡಿದಳು. "ನೀನೂ ಕುಡಿ. ಬೆನ್ನಿಗೆ ಅಷ್ಟು ಜೋರಾಗಿ ಹೊಡದೀಯಲ್ಲ, ದಮ್ಮು ಹೋಗಿರಬೇಕು."

"ನೀ ಏನ್ ಕಡಿಮಿ ಹೊಡದೇನು? ನಾಳಿ ಬೆನ್ನ ಮ್ಯಾಲೆ ಐದೂ ಬೆರಳು ಮೂಡತಾವ ನೋಡು."

ನಿಶಾತ ಮೈಭಾರವೆಲ್ಲ ಹಾಕಿ ಜಗ್ಗಿದಳು. ನೀರು ದಪ್ಪಗೆ ಬಂತು. ಅಮೃತಾ ಬೊಗಸೆ ಒಡ್ಡಿ ಬಗ್ಗಿದಳು. ಅವಳು ಕುಡಿದು, ಮುಖ ತೊಳೆದು, ಸಾಕು ಎಂದು ತಾನಾಗಿ ತಲೆ ಎತ್ತುವವರೆಗೂ ನಿಶಾತ ಹಿಡಿಕೆ ಬಿಡಲಿಲ್ಲ.